ಕಿಟಕಿ ಪಕ್ಕದ ಯೂರಿನ್ ಬ್ಯಾಗ್

ಹೊಟ್ಟೆನೋವು ಅಂತ ಬಂದವರ ಹೊಟ್ಟೆಯನ್ನು ಮೊದಲು ಮುಟ್ಟಿ ನೋಡುತ್ತೇವೆ. ಒಳಗೆ ಏನಾದರೂ ತೂತಾಗಿದ್ದರೆ, ಕೀವು ಹರಡಿದ್ದರೆ ಅದು ಹಲಗೆಯ ಹಾಗೆ ಬಿಗಿದುಕೊಂಡಿರುತ್ತದೆ. ಈ ಹುಡುಗಿ ಮಂಚದ ಮೇಲೆ ಹೊರಳಾಡಿ ಕಿರುಚುತ್ತಿದ್ದಳು. ಹೊಟ್ಟೆ ಮಾತ್ರ ನಾದಿಟ್ಟ ಹಿಟ್ಟಿನಷ್ಟು ಮೆತ್ತಗಿತ್ತು.

ವಯಸ್ಸು 24. ಗುರುತು ಸಿಗದಿರಲೆಂದು ಒಂದೆರಡು ವಿವರ ಬದಲಿಸಿದ್ದೇನೆ. ನಾನಾಗ ಬಯಲುಸೀಮೆಯ ತಾಲ್ಲೂಕು ಊರೊಂದರಲ್ಲಿ ಫಿಸಿಷಿಯನ್. ಎರಡು ವರ್ಷದ ಹಿಂದೆ ಇದೇ ನೋವಿಗೆ ಬೇರೆ ಕಡೆ ಅಪೆಂಡಿಕ್ಸ್ ತೆಗೆದಿದ್ದರು, ಬಲಗಡೆ ಗಾಯದ ಗುರುತಿತ್ತು. ತೋಳಲ್ಲಿ ಹೊಸ ತಾಯತ. ಸ್ಕ್ಯಾನ್, ಎಕ್ಸ್‌ರೇ, ಮೇದೋಜೀರಕದ ಊತ ತಿಳಿಸುವ ಅಮೈಲೇಸ್ ಎಲ್ಲಾ ನಾರ್ಮಲ್. ಜೊತೆಗಿದ್ದ ಅತ್ತೆ ಮೆಲ್ಲಗೆ, "ತವರಿಗೆ ಹೋಗ್ಬೇಕು ಅಂದ್ರೆ ಹಿಂಗೇ ಸಾರ್" ಅಂದರು. ನಾನು ಕೇಸ್‌ಶೀಟಿನಲ್ಲಿ ‘ಫಂಕ್ಷನಲ್?’ ಎಂದು ಬರೆದೆ, ಅಂದರೆ ದೇಹದಲ್ಲಿ ಕಾರಣ ಕಾಣದ, ಮನಸ್ಸಿನ ನೋವಿರಬಹುದೇ ಎಂದು. ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೆ ಎಂಬುದಷ್ಟೇ ನನ್ನ ಸಮಾಧಾನ.

ನಾಡಿ 128 ಇತ್ತು, ಬಿಪಿ 150/100. ನಾಟಕ ಆಡುವವರ ನಾಡಿ ನಿದ್ದೆಯಲ್ಲೂ ಹಾಗೆ ಓಡುವುದಿಲ್ಲ. ಅದನ್ನು ಬರೆದುಕೊಂಡವನೂ ನಾನೇ, ನೋವಿಗೆ ಹಾಗಾಗಿದೆ ಎಂದು ದಾಟಿಸಿಬಿಟ್ಟವನೂ ನಾನೇ.

ಎರಡನೇ ರಾತ್ರಿ ಫಿಟ್ಸ್ ಬಂತು. ಸೋಡಿಯಂ 116ಕ್ಕೆ ಇಳಿದಿತ್ತು. ವಾಂತಿಗೆ ಹೋಗಿರಬೇಕು ಅಂದುಕೊಂಡು 3% ಸಲೈನ್ ಹಾಕಿಸಿದೆ, ಅದು ಸರಿಯೇ ಇತ್ತು. ಫಿಟ್ಸ್‌ಗೆ ಕೈಗೆ ಸಿಕ್ಕ ಫೆನಿಟಾಯಿನ್ ಕೊಟ್ಟೆ. ಮಾರನೇ ದಿನಕ್ಕೆ ನೋವು ಇಮ್ಮಡಿಯಾಯಿತು. ತಲೆಗೂದಲು ಕಟ್ಟಿಕೊಳ್ಳಲು ಹೋದವಳಿಗೆ ಕೈ ಭುಜದಿಂದ ಮೇಲೇಳಲಿಲ್ಲ. ನರಗಳಿಗೆ ಪೆಟ್ಟಾಗಿ ಕೈಕಾಲು ಸೋಲುವ ಜಿಬಿಎಸ್ (ಗಿಲಾನ್-ಬಾರೆ ಸಿಂಡ್ರೋಮ್) ಇರಬಹುದೆಂದು ನಾನು ಬೆಂಗಳೂರಿಗೆ ಫೋನ್ ಮಾಡಲು ಹೊರಟಿದ್ದೆ.

ಆಗ ಡ್ಯೂಟಿ ಸಿಸ್ಟರ್ ಕರೆದರು. "ಸರ್, ಬೆಳಿಗ್ಗೆ ಬ್ಯಾಗ್ ಖಾಲಿ ಮಾಡ್ದಾಗ ಹಳದೀನೇ ಇತ್ತು. ಈಗ ನೋಡಿ." ಮಂಚ ಕಿಟಕಿ ಪಕ್ಕದ್ದು, ಮಧ್ಯಾಹ್ನದ ಬಿಸಿಲು ನೇರ ಯೂರಿನ್ ಬ್ಯಾಗ್ ಮೇಲೆ ಬಿದ್ದಿತ್ತು. ಒಳಗಿದ್ದದ್ದು ಕಾಫಿ ಡಿಕಾಕ್ಷನ್ ಬಣ್ಣ. ಟ್ಯೂಬಿನಲ್ಲಿ ಆಗಷ್ಟೇ ಇಳಿಯುತ್ತಿದ್ದ ಮೂತ್ರ ಮಾತ್ರ ತಿಳಿಹಳದಿ. ರಕ್ತ ಹೋಗುತ್ತಿದ್ದರೆ ಟ್ಯೂಬಿನಲ್ಲೂ ಕೆಂಪಿರಬೇಕಿತ್ತಲ್ಲ. ಅವಳ ತಾಯಿ ಅಲ್ಲೇ ನೆಲದ ಮೇಲೆ ಕೂತಿದ್ದವರು, "ಮನೇಲೂ ಹಂಗೇ ಸಾರ್. ನೋವು ಬಂದಾಗ ಪಾಟಿನಾಗೆ ಬಿಟ್ರೆ ಸಂಜೀಕೆ ಕರ್ರಗಾಗ್ತೈತೆ" ಅಂದರು. ಯಾಕಮ್ಮ ಮೊದಲೇ ಹೇಳಲಿಲ್ಲ ಎಂದದ್ದಕ್ಕೆ, "ನೀವು ಹೊಟ್ಟೆ ಇಚಾರ ಕೇಳಿದ್ರಿ" ಅಂದರು.

ಪಾರ್ಫೀರಿಯಾ. ಎಂಬಿಬಿಎಸ್‌ನಲ್ಲಿ ವೈವಾಕ್ಕೆ ಮಾತ್ರ ಓದಿಕೊಂಡಿದ್ದ ಕಾಯಿಲೆ. ಲ್ಯಾಬಿನಲ್ಲಿ ಮೂತ್ರದ ಯೂರೋಬಿಲಿನೋಜೆನ್ (ಪಿತ್ತದಿಂದ ಬರುವ ವಸ್ತು) ನೋಡಲು ಇಟ್ಟ ಎರ್‌ಲಿಕ್ ರೀಏಜೆಂಟ್‌ನ ಕಂದು ಬಾಟಲಿ ಕಪಾಟಿನ ಹಿಂದಿನ ಸಾಲಲ್ಲಿ ಸಿಕ್ಕಿತು. ತಾಜಾ ಮೂತ್ರಕ್ಕೆ ಹನಿಸಿದರೆ ಗುಲಾಬಿ ಬಣ್ಣ ಬಂತು. ಯೂರೋಬಿಲಿನೋಜೆನ್ ಇದ್ದರೂ ಆ ಬಣ್ಣ ಬರುತ್ತದೆ, ಹಾಗಾಗಿ ಕ್ಲೋರೋಫಾರ್ಮ್ ಹಾಕಿ ಕುಲುಕಿ ನಿಲ್ಲಿಸಿದೆವು. ಯೂರೋಬಿಲಿನೋಜೆನ್ ಆಗಿದ್ದರೆ ಬಣ್ಣ ಕೆಳಗಿನ ಕ್ಲೋರೋಫಾರ್ಮಿಗೆ ಇಳಿಯಬೇಕು. ಇಳಿಯಲಿಲ್ಲ. ಕೆಳಗೆ ನೀರಿನಂತೆ ತಿಳಿ, ಮೇಲೆ ಗುಲಾಬಿ. ಟೆಕ್ನಿಷಿಯನ್ನೂ ನಾನೂ ಆ ಟ್ಯೂಬನ್ನು ಬೆಳಕಿಗೆ ಹಿಡಿದು ಸುಮಾರು ಹೊತ್ತು ನೋಡುತ್ತಾ ನಿಂತೆವು. ಇನ್ನೊಂದು ಸ್ಯಾಂಪಲನ್ನು ಬೆಳಕು ತಾಗದಂತೆ ಎಕ್ಸ್‌ರೇ ಫಿಲ್ಮಿನ ಕಪ್ಪು ಕವರಿನಲ್ಲಿ ಸುತ್ತಿ ಐಸ್ ಮೇಲಿಟ್ಟು ಬೆಂಗಳೂರಿಗೆ ಕಳಿಸಿದೆ. ಈ ಕಾಯಿಲೆಯಲ್ಲಿ ಮೂತ್ರಕ್ಕೆ ಇಳಿದು ಬಿಸಿಲಿಗೆ ಕಪ್ಪಾಗುವ ಪಾರ್ಫೋಬಿಲಿನೋಜೆನ್ ಬಹಳ ಹೆಚ್ಚಿದೆ ಎಂದೇ ವರದಿ ಬಂತು. ಸೀಸದ ವಿಷವೂ ಹೀಗೇ ಹೊಟ್ಟೆನೋವು, ಕೈಸೋಲು ತರುವುದರಿಂದ ನಾಟಿ ಔಷಧ, ಭಸ್ಮ ಏನಾದರೂ ತಿಂದಿದ್ದಾಳಾ ಎಂದೂ ವಿಚಾರಿಸಿದ್ದೆ. ಇರಲಿಲ್ಲ.

ವರದಿಗೆ ಕಾಯದೆ ಅವತ್ತೇ ಫೆನಿಟಾಯಿನ್ ನಿಲ್ಲಿಸಿದೆ. ಯಕೃತ್ತಿಗೆ ಆ ಔಷಧಿ ಅರಗಿಸಲು ಹೀಮ್ ಬೇಕು, ರಕ್ತದ ಹಿಮೋಗ್ಲೋಬಿನ್‌ನಲ್ಲೂ ಇರುವ ಕಬ್ಬಿಣದ ಅಂಶದ ವಸ್ತು ಅದು. ಇವಳಲ್ಲಿ ಹೀಮ್ ತಯಾರಿಯ ಸಾಲಿನಲ್ಲಿ ಒಂದು ಕಿಣ್ವ ಅರ್ಧದಷ್ಟೇ ಇದೆ. ಬೇಡಿಕೆ ಏರಿದಾಗ ಮೇಲಿನಿಂದ ಕಚ್ಚಾಮಾಲು ಬರುತ್ತಲೇ ಇರುತ್ತದೆ, ಆ ಇಕ್ಕಟ್ಟಿನಲ್ಲಿ ದಾಟಲಾಗದೆ ತುಂಬಿಕೊಂಡು ನರಗಳನ್ನು ಕಾಡುತ್ತದೆ. ಉಪವಾಸವೂ ಇದನ್ನೇ ಮಾಡುತ್ತದೆ. ಮುಟ್ಟಿಗೆ ಮುಂಚಿನ ದಿನಗಳ ಹಾರ್ಮೋನೂ ಅಷ್ಟೆ. ಇವಳು ಶ್ರಾವಣ ಸೋಮವಾರ ಒಪ್ಪೊತ್ತೂ ಇಲ್ಲದೆ ನಿರಾಹಾರ ಮಾಡಿ, ಮುಟ್ಟಿಗೆ ವಾರವಿರುವಾಗ ಅಡ್ಮಿಟ್ ಆಗಿದ್ದಳು. ಮೇಲಿನಿಂದ ನನ್ನ ಫೆನಿಟಾಯಿನ್.

ಹೊರಗಿನಿಂದ ಹೀಮ್ ತುಂಬಿಕೊಡುವ ಹೀಮಿನ್ ಇಂಜೆಕ್ಷನ್ ನಮ್ಮ ಊರಿನ ಮಾತಲ್ಲ. ಉಳಿದದ್ದು ಸಕ್ಕರೆ, ದಿನಕ್ಕೆ 300 ಗ್ರಾಂ. ಆದರೆ ಸೋಡಿಯಂ ಇಳಿದವರಿಗೆ ಬರೀ ಡೆಕ್ಸ್‌ಟ್ರೋಸ್ ನೀರು ಸುರಿದರೆ ಅದು ಇನ್ನೂ ಇಳಿಯುತ್ತದೆ. ಹಾಗಾಗಿ ಉಪ್ಪೂ ಸಕ್ಕರೆಯೂ ಇರುವ ಡಿಎನ್‌ಎಸ್ ಡ್ರಿಪ್, ಜೊತೆಗೆ 25% ಡೆಕ್ಸ್‌ಟ್ರೋಸ್, ವಾಂತಿ ನಿಂತ ಮೇಲೆ ಬೆಲ್ಲ ಹಾಕಿದ ಗಂಜಿ. ಫಿಟ್ಸ್‌ಗೆ ಲೆವೆಟಿರಾಸಿಟಾಮ್. ಸೋಲು ಉಸಿರಾಟಕ್ಕೂ ಏರಬಹುದೆಂಬ ಭಯಕ್ಕೆ ಎರಡು ಗಂಟೆಗೊಮ್ಮೆ ಒಂದೇ ಉಸಿರಿನಲ್ಲಿ ಎಣಿಸಲು ಹೇಳುತ್ತಿದ್ದೆವು. ಹದಿನೆಂಟು, ಹದಿನೇಳು, ಮತ್ತೆ ಹದಿನೆಂಟು. ಮೂರನೇ ದಿನ ಇಪ್ಪತ್ತೈದು ಮುಟ್ಟಿದಾಗ ಪಕ್ಕದ ಮಂಚದವರೂ ಚಪ್ಪಾಳೆ ತಟ್ಟಿದರು. ಕೈ ಪೂರ್ತಿ ಏಳಲು ತಿಂಗಳುಗಳೇ ಹಿಡಿದವು.

ಡಿಸ್ಚಾರ್ಜ್ ದಿನ ಕೊಡಬಾರದ ಔಷಧಿಗಳ ಪಟ್ಟಿ ಬರೆದು ಲ್ಯಾಮಿನೇಟ್ ಮಾಡಿಸಿ ಕೊಟ್ಟೆ. ಅತ್ತೆಯನ್ನು ಕೂರಿಸಿ, ಇದು ನಾಟಕ ಅಲ್ಲಮ್ಮ, ನಾನೂ ತಪ್ಪು ತಿಳಿದಿದ್ದೆ ಎಂದೆ. ಅವರು ನೆಲ ನೋಡುತ್ತಾ ಕೂತಿದ್ದರು.

ಇದು ವಂಶವಾಹಿ ಕಾಯಿಲೆ, ಒಡಹುಟ್ಟಿದವರಿಗೂ ಅರ್ಧಕ್ಕರ್ಧ ಸಾಧ್ಯತೆ. ದೋಷವಿದ್ದರೂ ಹೆಚ್ಚಿನವರಿಗೆ ಜೀವಮಾನದಲ್ಲಿ ಒಮ್ಮೆಯೂ ನೋವು ಬರುವುದಿಲ್ಲ. 19ರ ತಂಗಿಗೆ ಪರೀಕ್ಷೆ ಮಾಡಿಸಿದಾಗ ಅವಳಲ್ಲೂ ಇತ್ತು. ವರದಿ ಹಿಡಿದು ಬಂದವಳು ಕೇಳಿದ ಪ್ರಶ್ನೆ ಒಂದೇ: "ಸಾರ್, ಶಿವರಾತ್ರಿಗೆ ಉಪ್ವಾಸ ಇರ್ಬೋದಾ?" ನಾನು ಬಾಯಿ ತೆಗೆಯುವ ಮೊದಲೇ ತಾಯಿ ಅಂದರು: "ನಿನ್ ಪಾಲಿಂದೂ ನಾನೇ ಇರ್ತೀನಿ, ನೀನು ಉಣ್ಣು."