ಆಡಮ್ ಸ್ಕಾಟ್ ಶೈಲಿಯ ಉದ್ದ ಪಟರ್: ಕೊಳ್ಳುವ ಮುಂಚೆ ಪರೀಕ್ಷಿಸುವುದು ಹೇಗೆ

2013ರಲ್ಲಿ ಗಾಲ್ಫ್‌ನ ದೊಡ್ಡ ಟೂರ್ನಿಗಳಲ್ಲೊಂದಾದ ಮಾಸ್ಟರ್ಸ್ ಗೆದ್ದಾಗ ಆಸ್ಟ್ರೇಲಿಯಾದ ಆಡಮ್ ಸ್ಕಾಟ್ ಉದ್ದ ಪಟರಿನ (ಚೆಂಡನ್ನು ಕುಳಿಯತ್ತ ಉರುಳಿಸುವ ಕ್ಲಬ್ಬಿನ) ಮೇಲ್ತುದಿಯನ್ನು ಎದೆಗೆ ಆನಿಸಿ ಆಡುತ್ತಿದ್ದರು. 2016ರ ಜನವರಿ 1ರಿಂದ ಹಾಗೆ ಆನಿಸುವಂತಿಲ್ಲ. ಪಟರಿಗೆ ಮಾತ್ರ ಯಾವ ಅಡ್ಡಿಯೂ ಇಲ್ಲ. ಕ್ಲಬ್ಬಿನ ಉದ್ದಕ್ಕಿರುವ 48 ಇಂಚಿನ ಮಿತಿಯೂ ಪಟರಿಗೆ ಅನ್ವಯಿಸುವುದಿಲ್ಲ. 2023ರಲ್ಲಿ ಲೂಕಾಸ್ ಗ್ಲೋವರ್ ಇಂಥದೇ ಉದ್ದ ಪಟರನ್ನು ಎದೆಗೆ ಆನಿಸದೆ ಹಿಡಿದು ಅಮೆರಿಕದ ವೃತ್ತಿಪರ ಸರಣಿಯಾದ ಪಿಜಿಎ ಟೂರ್‌ನಲ್ಲಿ ಸತತ ಎರಡು ವಾರ ಗೆದ್ದರು. ಹಾಗಾಗಿ ಅಭ್ಯಾಸಕ್ಕೆ 2016ರ ನಂತರದ ವಿಡಿಯೊಗಳನ್ನೇ ನೋಡಿ.

ಮೊದಲು ಅಳತೆ. ಸೊಂಟದಿಂದ ತುಸುವೇ ಬಾಗಿ ನಿಂತಾಗ ಗ್ರಿಪ್ಪಿನ (ಹಿಡಿಯ) ತುದಿ ಎದೆಮೂಳೆಯ ಎತ್ತರಕ್ಕೆ ಬರಬೇಕು. ಹೆಚ್ಚಿನವರಿಗೆ ಇದು 44ರಿಂದ 50 ಇಂಚಿನೊಳಗೆ ಬೀಳುತ್ತದೆ. ನಿಮ್ಮ 34 ಇಂಚಿನ ಪಟರಿಗೇ ಉದ್ದ ಶಾಫ್ಟ್ (ಕೋಲು) ಹಾಕಿಸಿ ನೋಡುವ ಉಳಿತಾಯ ಬೇಡ. ಅದರ ಹೆಡ್ (ಚೆಂಡು ಹೊಡೆಯುವ ಕೆಳಭಾಗ) ಸುಮಾರು 350 ಗ್ರಾಂ ಇರುತ್ತದೆ, ಉದ್ದ ಶಾಫ್ಟಿಗೆ ಅದು ಸಾಲದು. ಲೈ ಕೋನ, ಅಂದರೆ ಶಾಫ್ಟ್ ನೆಲದೊಂದಿಗೆ ಮಾಡುವ ಕೋನ, 70 ಡಿಗ್ರಿ ಆಸುಪಾಸಿನದಾದ್ದರಿಂದ ಶಾಫ್ಟ್ ನೆಟ್ಟಗಾದ ಕೂಡಲೇ ಹೆಡ್ಡಿನ ಹೀಲ್ (ಆಟಗಾರನ ಕಡೆಯ ತುದಿ) ಮೇಲೆದ್ದು ಟೋ (ಆಚೆ ತುದಿ) ನೆಲಕ್ಕೆ ಒತ್ತುತ್ತದೆ. ಉದ್ದ ಪಟರಿಗೆ ಇನ್ನೂ ಭಾರದ ಹೆಡ್, 78–80 ಡಿಗ್ರಿ ಲೈ ಬೇಕು. 80 ಡಿಗ್ರಿಗಿಂತ ನೆಟ್ಟಗಿದ್ದರೆ ನಿಯಮಬಾಹಿರ. ಯಾರ ಬಳಿಯಾದರೂ ಎರವಲು ಪಡೆಯಿರಿ, ಇಲ್ಲವೇ ಫಿಟ್ಟಿಂಗ್ (ಕ್ಲಬ್ಬನ್ನು ಆಟಗಾರನ ಅಳತೆಗೆ ಹೊಂದಿಸುವುದು) ಮಾಡುವಲ್ಲಿ ಪ್ರಯತ್ನಿಸಿ.

ಬಲಗೈ ಆಟಗಾರರಾದರೆ ಎಡಗೈಯಲ್ಲಿ ಮೇಲ್ತುದಿ ಹಿಡಿದು ಹೆಬ್ಬೆರಳನ್ನು ಅದರ ನೆತ್ತಿಯ ಮೇಲಿಡಿ. ಮೊಣಕೈ ಹೊರಗೆ ಚಾಚಿರಲಿ, ಮುಷ್ಟಿ ಎದೆಯಿಂದ ಒಂದೆರಡು ಇಂಚು ದೂರವಿರಲಿ. ಬಲಗೈ ಕೆಳಗಿನ ಗ್ರಿಪ್ಪಿನಲ್ಲಿ, ಪೆನ್ನು ಹಿಡಿದಷ್ಟೇ ಸಡಿಲವಾಗಿ. ಚೆಂಡಿಗೆ ಹತ್ತಿರ ನಿಂತು ಕಣ್ಣನ್ನು ಅದರ ನೇರಕ್ಕೆ ತನ್ನಿ. ಪಟರನ್ನು ದೂಡುವುದು ಬಲಗೈ. ಎಡಗೈ ಬಾಗಿಲ ತಿರುಗಣಿಯಂತೆ ಇದ್ದಲ್ಲೇ ಇರಬೇಕು, ಈ ಶೈಲಿಯ ಕಷ್ಟವೆಲ್ಲ ಇರುವುದು ಇಲ್ಲೇ. ಎದೆಯ ಆಸರೆ ಹೋದ ಮೇಲೆ ಮುಷ್ಟಿ ಗುರಿಯ ಕಡೆ ಜಾರತೊಡಗುತ್ತದೆ, ಹೆಡ್ ಹಿಂದುಳಿದು ಫೇಸ್ (ಚೆಂಡಿಗೆ ತಾಗುವ ಮುಖ) ತೆರೆದುಕೊಳ್ಳುತ್ತದೆ, ಚೆಂಡು ಬಲಕ್ಕೆ ಹೋಗುತ್ತದೆ. ಇದನ್ನು ತಡೆಯಲು ಮೊಣಕೈಯನ್ನು ಪಕ್ಕೆಗೆ ಒತ್ತಿಕೊಳ್ಳುವ ಚಾಳಿ ಬರುತ್ತದೆ. ಮುಂದೋಳನ್ನು ಬೇಕೆಂದೇ ಮೈಗೆ ಆನಿಸಿ ಅದನ್ನೇ ಊರುಗೋಲು ಮಾಡಿಕೊಂಡರೂ ತಪ್ಪೇ: ಸ್ಟ್ರೋಕ್ ಪ್ಲೇಯಲ್ಲಿ (ಒಟ್ಟು ಹೊಡೆತ ಎಣಿಸುವ ಆಟ) ಎರಡು ಸ್ಟ್ರೋಕ್ ದಂಡ, ಮ್ಯಾಚ್ ಪ್ಲೇಯಲ್ಲಿ (ಒಂದೊಂದು ಹೋಲಿಗೂ ಗೆಲುವು ಎಣಿಸುವ ಆಟ) ಆ ಹೋಲ್ ನಷ್ಟ. ಸಡಿಲ ಅಂಗಿ ಆಕಸ್ಮಿಕವಾಗಿ ತಾಗಿದರೆ ಚಿಂತೆಯಿಲ್ಲ.

ಪರೀಕ್ಷೆಗೆ ಸಮತಟ್ಟಾದ, ನೇರವಾದ ಆರಡಿ ಪಟ್ (ಪಟರಿನ ಹೊಡೆತ) ಆರಿಸಿಕೊಳ್ಳಿ. ಹೆಡ್ಡಿನ ಎರಡೂ ಬದಿಗೆ ಅರ್ಧರ್ಧ ಇಂಚು ಬಿಟ್ಟು ಟೀ (ಚೆಂಡು ಕೂರಿಸುವ ಪುಟ್ಟ ಗೂಟ) ಚುಚ್ಚಿ. ಹಳೆಯ ಪಟರಿನಲ್ಲಿ 20, ಉದ್ದದ್ದರಲ್ಲಿ 20 ಹೊಡೆಯಿರಿ. ಎಷ್ಟು ಒಳಗೆ ಹೋದವು ಎನ್ನುವುದರ ಜೊತೆಗೆ ತಪ್ಪಿದವು ಯಾವ ಬದಿಗೆ ಹೋದವು ಎಂದೂ ಬರೆದಿಡಿ. ತಪ್ಪೆಲ್ಲ ಒಂದೇ ಬದಿಗಿದ್ದರೆ ತಿದ್ದಬಹುದು. ಎರಡೂ ಬದಿಗೆ ಚದುರಿದ್ದರೆ ಬಲಗೈ ಬಿಗಿಯಾಗಿದೆಯೇ ನೋಡಿ. ಚೆಂಡು ಉರುಳುವ ಮುಂಚೆ ಪುಟಿದರೆ ಶಾಫ್ಟ್ ಹಿಂದಕ್ಕೆ ವಾಲಿ ಲಾಫ್ಟ್ (ಫೇಸ್ ಮೇಲಕ್ಕೆ ವಾಲಿದ ಕೋನ) ಹೆಚ್ಚಿದೆ ಎಂದರ್ಥ.

ಆಮೇಲೆ 30 ಅಡಿಯ ಪಟ್. ಬಹಳ ಜನ ಈ ಪಟರನ್ನು ವಾಪಸ್ ಕೊಡುವುದು ಇಲ್ಲಿಯೇ, ಏಕೆಂದರೆ ಭಾರದ ಹೆಡ್ಡಿನಲ್ಲಿ ದೂರದ ಅಂದಾಜು ಕೈಗೆ ಹತ್ತಲು ಸಮಯ ಬೇಕು. ಜೋರಾಗಿ ಕುಟ್ಟುವ ಬದಲು ಹಿಂದಕ್ಕೊಯ್ಯುವ ದೂರವನ್ನು ಹೆಚ್ಚಿಸಿ. ಹತ್ತರಲ್ಲಿ ಏಳು ಚೆಂಡು ಹೋಲಿನ ಸುತ್ತ ಮೂರಡಿಯೊಳಗೆ ನಿಲ್ಲುವವರೆಗೆ ಸ್ಪರ್ಧೆಗೆ ಒಯ್ಯಬೇಡಿ. ಗಾಳಿಯಿರುವ ದಿನವೂ ಒಮ್ಮೆ ಆಡಿ ನೋಡಿ.

ಚೆಂಡನ್ನು ಎರಡು ಕಾಲುಗಳ ನಡುವೆ ಇಟ್ಟು ಹೊಡೆದರೆ ಇನ್ನೂ ಸುಲಭವಲ್ಲವೇ ಅನ್ನಿಸಬಹುದು. ಅಮೆರಿಕದ ಹಳೆಯ ಗಾಲ್ಫ್ ಆಟಗಾರ ಸ್ಯಾಮ್ ಸ್ನೀಡ್ ಹಾಗೆ ಆಡುತ್ತಿದ್ದರು, 1968ರಲ್ಲಿ ಅದೂ ನಿಷಿದ್ಧವಾಯಿತು. ಎರಡೂ ಪಟರ್ ಬ್ಯಾಗಿನಲ್ಲಿ ಇಟ್ಟುಕೊಳ್ಳಲು ತೊಂದರೆಯಿಲ್ಲ, ಒಟ್ಟು ಕ್ಲಬ್ 14 ದಾಟದಿದ್ದರೆ ಸರಿ.