ಮ್ಯೂನಿಕ್‌ನಿಂದ ಡುಬ್ರೊವ್ನಿಕ್‌ಗೆ ವ್ಯಾನಿನಲ್ಲಿ: ಕಿಲೋಮೀಟರ್ ಬಿಟ್ಟು ಗಂಟೆ ಹಿಡಿದು ಹಾಕಿದ ಲೆಕ್ಕ

ವಯಸ್ಸಾದ ಅಪ್ಪ ಅಮ್ಮ, ಹೆಂಡತಿ, ಮಗ, ಊರಿಂದ ಬಂದ ಭಾವಮೈದ. ಒಟ್ಟು ಆರು ಜನ, ಬಾಡಿಗೆ ವ್ಯಾನು, ಜರ್ಮನಿಯ ಮ್ಯೂನಿಕ್‌ನಿಂದ ಆಸ್ಟ್ರಿಯಾ, ಸ್ಲೊವೇನಿಯಾ ದಾಟಿ ಕ್ರೊಯೇಷಿಯಾದ ಡುಬ್ರೊವ್ನಿಕ್‌ಗೆ, ಒಂದು ಕಡೆಗೆ ಸುಮಾರು 1,150 ಕಿ.ಮೀ. ಇಲ್ಲಿನ ಗೆಳೆಯರು ಕೊಟ್ಟಿದ್ದು ಎರಡೇ ಸಲಹೆ: ವಿಮಾನ ಹತ್ತು, ಇಲ್ಲಾ ರಾತ್ರಿಯಿಡೀ ಓಡಿಸು. ನಾನು ಎರಡೂ ಮಾಡಲಿಲ್ಲ. 2024ರ ಆಗಸ್ಟ್‌ನಲ್ಲಿ, ರಜೆಯ ನಟ್ಟನಡುವೆ ಹೋಗಿ ಬಂದೆ. ಎಲ್ಲಿಯೂ ಅರ್ಧ ಗಂಟೆಗಿಂತ ಹೆಚ್ಚು ಕ್ಯೂನಲ್ಲಿ ನಿಂತಿಲ್ಲ.

ಅದರ ಹಿಂದಿನ ವರ್ಷ ಸೋತಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಶನಿವಾರ ಬೆಳಗ್ಗೆ ಎಂಟಕ್ಕೆ ಹೊರಟಿದ್ದೇ ತಪ್ಪು. ಆಸ್ಟ್ರಿಯಾದ ಟೌವರ್ನ್ ಸುರಂಗಕ್ಕೆ ಮುಂಚೆ ಒಂದು ಗಂಟೆ ಹೋಯಿತು. ಆಸ್ಟ್ರಿಯಾದಿಂದ ಸ್ಲೊವೇನಿಯಾಕ್ಕೆ ದಾಟಿಸುವ ಕರವಾಂಕೆನ್ ಸುರಂಗದ ಬಾಯಲ್ಲಿ ಗಾಡಿಗಳನ್ನು ತಂಡ ತಂಡವಾಗಿ ಬಿಡುತ್ತಿದ್ದರು, ಅಲ್ಲಿ ಎರಡು ಗಂಟೆಗೂ ಮೇಲೆ. ಕ್ರೊಯೇಷಿಯಾದ ಜಾಗ್ರೆಬ್ ದಾಟಿದರೆ ಲುಚ್ಕೊ ಟೋಲ್‌ನಲ್ಲಿ ಮತ್ತೆ ಮುಕ್ಕಾಲು ಗಂಟೆ. ಮ್ಯಾಪ್ ತೋರಿಸಿದಂತೆ ಹಳ್ಳಿ ರಸ್ತೆಗೆ ಇಳಿಯೋಣ ಅಂದರೆ ಅದಕ್ಕೂ ಆಗಲಿಲ್ಲ. ಬೇಸಿಗೆಯ ವಾರಾಂತ್ಯಗಳಲ್ಲಿ ಸಾಲ್ಜ್‌ಬರ್ಗ್ ಪ್ರಾಂತ್ಯದಲ್ಲಿ ಎ10 ಹೆದ್ದಾರಿಯ ಹಲವು ಎಕ್ಸಿಟ್‌ಗಳಲ್ಲಿ, ದಾರಿಹೋಕ ಗಾಡಿಗಳು ಜಾಮ್ ತಪ್ಪಿಸಲು ಇಳಿಯುವಂತಿಲ್ಲ. ಪೊಲೀಸರು ನಿಂತು ವಾಪಸ್ ಕಳಿಸುತ್ತಾರೆ.

ಹಾಗಾಗಿ ಈ ಸಲ ದಿನಕ್ಕೆಷ್ಟು ಕಿಲೋಮೀಟರ್ ಅನ್ನುವ ಲೆಕ್ಕ ಕೈಬಿಟ್ಟೆ. ದಾರಿಯಲ್ಲಿ ಕತ್ತು ಹಿಸುಕುವ ಜಾಗ ಐದು: ಜರ್ಮನಿ–ಆಸ್ಟ್ರಿಯಾ ನಡುವಿನ ವಾಲ್ಸರ್‌ಬರ್ಗ್ ಗಡಿ, ಟೌವರ್ನ್, ಕರವಾಂಕೆನ್, ಸ್ಲೊವೇನಿಯಾ–ಕ್ರೊಯೇಷಿಯಾ ನಡುವಿನ ಒಬ್ರೆಜ್ಯೆ–ಬ್ರೆಗಾನಾ ಗಡಿ, ಲುಚ್ಕೊ. ಹೊರಡುವ ಮುಂಚಿನ ಮೂರು ವಾರ, ಪ್ರತಿ ಮಂಗಳವಾರ ಮತ್ತು ಬುಧವಾರ ಬೆಳಗ್ಗೆ 5ರಿಂದ 11ರವರೆಗೆ ಗಂಟೆಗೊಮ್ಮೆ ಈ ಐದು ತುಂಡುಗಳ ಲೈವ್ ಸಮಯ ನೋಡಿ ಶೀಟ್‌ನಲ್ಲಿ ಬರೆದಿಟ್ಟೆ. ಮ್ಯಾಪ್‌ನಲ್ಲಿ ಮುಂದಿನ ದಿನಾಂಕ ಹಾಕಿದರೆ ಬರುವ ಅಂದಾಜು ನಂಬಬೇಡಿ. ಅದು 'ಮೂರೂವರೆಯಿಂದ ಆರು ಗಂಟೆ' ಅನ್ನುತ್ತದೆ, ಅದನ್ನಿಟ್ಟುಕೊಂಡು ಏನು ಮಾಡುವುದು? ಶೀಟ್ ತುಂಬಿದ ಮೇಲೆ ಚಿತ್ರ ಸ್ಪಷ್ಟ: ಟೌವರ್ನ್ ಏಳರೊಳಗೆ, ಕರವಾಂಕೆನ್ ಒಂಬತ್ತರೊಳಗೆ, ಲುಚ್ಕೊ ಹತ್ತರೊಳಗೆ. ಈ ಮೂರು ಕೂತರೆ ಉಳಿದೆರಡು ತಾನಾಗಿ ಕೂರುತ್ತವೆ.

ಮಂಗಳವಾರ ಬೆಳಗಿನ ಜಾವ ನಾಲ್ಕಕ್ಕೆ ಹೊರಟು, ಒಂಬತ್ತಕ್ಕೆ ಸ್ಲೊವೇನಿಯಾದ ಬ್ಲೆಡ್ ಕೆರೆಯ ದಂಡೆಯಲ್ಲಿ ಡಬ್ಬಿಯ ಚಿತ್ರಾನ್ನ. ರಾತ್ರಿ ಲುಬ್ಲಿಯಾನಾ. ಬುಧವಾರ ಏಳಕ್ಕೆ ಬಿಟ್ಟು ಜಾಗ್ರೆಬ್ ಮೇಲೆ ಜಾದರ್, ಸುಮಾರು 430 ಕಿ.ಮೀ. ಗುರುವಾರ ಉಳಿದ 350. ಮೂರು ದಿನ ಬೇಕಾ ಅಂತ ನಕ್ಕವರಿದ್ದಾರೆ. ಮಂಡಿನೋವಿರುವವರನ್ನು ಕೂರಿಸಿಕೊಂಡು ಹನ್ನೆರಡು ಗಂಟೆ ಓಡಿಸಿ ನೋಡಲಿ.

ಈಗ ದುಡ್ಡು. ದರ, ನಿಯಮ ಎಲ್ಲ 2024ರವು. ವ್ಯಾನ್ ತಗೊಂಡರೆ ಒಂದೊಂದು ದೇಶ ಒಂದೊಂದು ಥರ ಅಳೆಯುತ್ತದೆ, ಬಹಳ ಜನ ಇಲ್ಲೇ ಜಾರುವುದು. ಆಸ್ಟ್ರಿಯಾಕ್ಕೆ ತೂಕ 3.5 ಟನ್ ಒಳಗಿದ್ದರೆ ಸಾಕು, ಕಾರಿನ ವಿನ್ಯೆಟ್ಟೇ (ಹೆದ್ದಾರಿ ಬಳಸಲು ಇಂತಿಷ್ಟು ದಿನಕ್ಕೆಂದು ಮೊದಲೇ ಕೊಳ್ಳುವ ಪಾಸು): 10 ದಿನಕ್ಕೆ ಹನ್ನೊಂದೂವರೆ ಯೂರೋ. ಟೌವರ್ನ್‌ಗೆ ಪ್ರತ್ಯೇಕ 14, ಕರವಾಂಕೆನ್‌ಗೆ ಪ್ರತ್ಯೇಕ 8 ಚಿಲ್ಲರೆ. ಸ್ಲೊವೇನಿಯಾ ಮುಂದಿನ ಆಕ್ಸಲ್ ಮೇಲಿನ ಎತ್ತರ ನೋಡುತ್ತದೆ. 1.30 ಮೀಟರ್ ಮುಟ್ಟಿದರೆ 2ಎ ದರ್ಜೆ ಅಲ್ಲ, 2ಬಿ. ವಾರಕ್ಕೆ 16 ಇದ್ದದ್ದು 32 ಆಗುತ್ತದೆ. ಬಾಡಿಗೆ ಕೌಂಟರಿನವರಿಗೆ ಇದು ಗೊತ್ತಿರುವುದಿಲ್ಲ, ಬೇಕಿದ್ದರೆ ಕೇಳಿ ನೋಡಿ. ನಾನು ಟೇಪ್ ಹಿಡಿದು ಹೋಗಿದ್ದೆ: ಮುಂದಿನ ಚಕ್ರದ ನಡುವಿಗೆ ನೇರವಾಗಿ, ನೆಲದಿಂದ ಮೇಲಕ್ಕೆ. 1.30 ದಾಟಿಯೇ ದಾಟಿತು. 2ಎ ತಗೊಂಡು ಸಿಕ್ಕಿಬಿದ್ದರೆ ದಂಡ 300 ಯೂರೋದಿಂದ ಶುರು. ವಾರದ ವಿನ್ಯೆಟ್ ಎರಡು ಕೊಂಡರೂ ತಿಂಗಳದ್ದು ಒಂದು ಕೊಂಡರೂ ಒಂದೇ ಬೆಲೆ, 64. ಹೋಗುವಾಗ ಬರುವಾಗ ಬೇರೆ ಬೇರೆ ಕೊಳ್ಳುವ ತಲೆನೋವು ಬೇಡ ಅಂತ ತಿಂಗಳದ್ದೇ ಕೊಂಡೆ. ಕ್ರೊಯೇಷಿಯಾ ನೋಡುವುದು ಒಟ್ಟು ಎತ್ತರ: 1.90 ಮೀಟರ್ ಮೀರಿದರೆ ಎರಡನೇ ದರ್ಜೆ. ಲುಚ್ಕೊದಿಂದ, ಡುಬ್ರೊವ್ನಿಕ್ ಕಡೆಗೆ ಹೆದ್ದಾರಿ ಬಿಟ್ಟು ಇಳಿಯುವ ಪ್ಲೋಚೆಗೆ, ಬೇಸಿಗೆ ದರದಲ್ಲಿ, ನೆನಪಿದ್ದಷ್ಟು 50ರ ಹತ್ತಿರ. ಅಲ್ಲಿ ಚೀಟಿ ತಗೊಂಡು ಇಳಿಯುವಾಗ ಕಟ್ಟುವುದು. ಚೀಟಿ ಕಳೆದರೆ ಉದ್ದದ ದಾರಿಯ ದುಡ್ಡು ಕೀಳುತ್ತಾರೆ. ಇಎನ್‌ಸಿ ಅಂತ ಬರೆದ ಲೇನ್‌ಗೆ ಅಪ್ಪಿತಪ್ಪಿಯೂ ನುಗ್ಗಬೇಡಿ, ಡಿವೈಸ್ ಇಲ್ಲದೆ ಗೇಟ್ ಏಳುವುದಿಲ್ಲ.

ಡಿಜಿಟಲ್ ವಿನ್ಯೆಟ್ ನಂಬರ್ ಪ್ಲೇಟಿಗೆ ಅಂಟಿಕೊಂಡಿರುತ್ತದೆ. ಬಾಡಿಗೆ ಗಾಡಿಯ ನಂಬರ್ ಹಿಂದಿನ ದಿನ ಹೇಳಿ, ಬೆಳಗ್ಗೆ ಬೇರೆಯದು ಕೊಡುವುದು ಮಾಮೂಲು. ಕೀ ಕೈಗೆ ಬರುವ ತನಕ ಏನೂ ಕೊಳ್ಳಬೇಡಿ. ಜರ್ಮನ್ ಪ್ಲೇಟಿನಲ್ಲಿ ಓ ಅಕ್ಷರವೋ ಸೊನ್ನೆಯೋ ಅನ್ನುವುದನ್ನು ಗಾಡಿಯ ಕಾಗದ ಮುಂದಿಟ್ಟುಕೊಂಡೇ ಟೈಪ್ ಮಾಡಿ.

ಡೀಸೆಲ್ ನೂರು ಕಿ.ಮೀ.ಗೆ 8 ಲೀಟರ್ ಕುಡಿಯಿತು. ಓಡಾಟ ಸೇರಿ 2,450 ಕಿ.ಮೀ., 300 ಯೂರೋ ಆಸುಪಾಸು. ಆಸ್ಟ್ರಿಯಾದ ಬಂಕ್‌ಗಳು ಆಗ ಬೆಲೆ ಏರಿಸಬಹುದಾಗಿದ್ದದ್ದು ದಿನಕ್ಕೊಮ್ಮೆ, ಮಧ್ಯಾಹ್ನ 12ಕ್ಕೆ ಮಾತ್ರ. ಇಳಿಸುವುದು ಯಾವಾಗ ಬೇಕಾದರೂ. ಆದ್ದರಿಂದ ಹನ್ನೆರಡಕ್ಕೆ ಮುಂಚೆ, ಹೆದ್ದಾರಿ ಬಿಟ್ಟು ಊರೊಳಗೆ ಟ್ಯಾಂಕ್ ತುಂಬಿಸಬೇಕು. ಹೆದ್ದಾರಿ ಬಂಕಿನಲ್ಲಿ ಲೀಟರಿಗೆ 20–30 ಸೆಂಟ್ ಸುಮ್ಮನೆ ಹೋಗುತ್ತದೆ. ಟೋಲ್ ಎಲ್ಲ ಸೇರಿ 210, ಹತ್ತು ದಿನದ ಬಾಡಿಗೆ 900ರ ಹತ್ತಿರ. ವಿಮಾನಕ್ಕೆ ಹೋಲಿಸಿದರೆ ಭಾರಿ ಉಳಿತಾಯವೇನಲ್ಲ, ಒಂದಿಷ್ಟು. ಆದರೆ ಅಲ್ಲಿಗೆ ಹೋಗಿ ಮತ್ತೆ ಗಾಡಿ ಹುಡುಕುವುದು ತಪ್ಪಿತು, ರೈಸ್ ಕುಕ್ಕರ್ ಜೊತೆಗೆ ಬಂತು.

ಭಾವಮೈದನನ್ನು ಎರಡನೇ ಡ್ರೈವರ್ ಮಾಡಿಸಿದ್ದೆ. ಅವನು ಬೆಂಗಳೂರಿನ ಆರ್‌ಟಿಒದಲ್ಲಿ 1,000 ರೂಪಾಯಿ ಕಟ್ಟಿ ಇಂಟರ್‌ನ್ಯಾಷನಲ್ ಪರ್ಮಿಟ್ ತಂದಿದ್ದ. ಅದಕ್ಕೆ ಒಂದು ವರ್ಷ ಆಯುಸ್ಸು. ಒರಿಜಿನಲ್ ಲೈಸೆನ್ಸ್ ಮನೆಯಲ್ಲಿ ಬಿಟ್ಟು ಬಂದರೆ ಪರ್ಮಿಟ್ ಇದ್ದೂ ಪ್ರಯೋಜನವಿಲ್ಲ. ಯಾವ ದೇಶಕ್ಕೆಲ್ಲ ಗಾಡಿ ಒಯ್ಯಬಹುದು ಅನ್ನುವುದು ಬಾಡಿಗೆ ಕರಾರಿನಲ್ಲಿ ಹೆಸರು ಸಮೇತ ಇರಲಿ.

ವೀಸಾ ವಿಷಯದಲ್ಲಿ ಒಂದು ಗುಂಡಿ ಇದೆ. ಕ್ರೊಯೇಷಿಯಾ 2023ರ ಜನವರಿ 1ರಿಂದ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಒಳಗಿದೆ, ಯೂರೋ ಕೂಡ ಅಂದಿನಿಂದಲೇ. ಆದರೆ ಡುಬ್ರೊವ್ನಿಕ್‌ಗೆ ಮುಂಚೆ ನೆಯುಮ್ ಹತ್ತಿರ, ಷೆಂಗೆನ್ ಹೊರಗಿರುವ ಬೋಸ್ನಿಯಾದ ಸಣ್ಣ ತುಂಡು ಕಡಲಿಗೆ ಮೂತಿ ಚಾಚಿದೆ. ಅಪ್ಪ ಅಮ್ಮನದು ಸಿಂಗಲ್ ಎಂಟ್ರಿ ವೀಸಾ, ಒಳಗೆ ಬರಲು ಒಂದೇ ಸಲ. ಆ ಹಳೆ ಕರಾವಳಿ ರಸ್ತೆ ಹಿಡಿದು ಬೋಸ್ನಿಯಾಕ್ಕೆ ಕಾಲಿಟ್ಟರೆ ಅಲ್ಲಿಗೆ ಅವರ ಎಂಟ್ರಿ ಮುಗಿಯಿತು. 2022ರ ಜುಲೈನಲ್ಲಿ ತೆರೆದ ಪೆಲ್ಯೆಶಾಟ್ಸ್ ಸೇತುವೆ, ಸುಮಾರು 2.4 ಕಿ.ಮೀ., ಬೋಸ್ನಿಯಾ ಮುಟ್ಟದೆ ದಾಟಿಸುತ್ತದೆ, ಅದನ್ನೇ ಮ್ಯಾಪ್‌ನಲ್ಲಿ ನೀವೇ ಕೈಯಾರೆ ನಡುವಿನ ನಿಲ್ದಾಣವಾಗಿ ಸೇರಿಸಿ. ಹಳೆ ಆಫ್‌ಲೈನ್ ಮ್ಯಾಪ್ ನೇರ ನೆಯುಮ್‌ಗೇ ಕರೆದೊಯ್ಯುತ್ತದೆ. ಇದೇ ಕಾರಣಕ್ಕೆ ಬೋಸ್ನಿಯಾದ ಮೋಸ್ಟಾರ್, ಮಾಂಟೆನೆಗ್ರೊದ ಕೋಟೊರ್ ಎರಡೂ ಪಟ್ಟಿಯಿಂದ ಹೊರಗೆ. ಷೆಂಗೆನ್ ಒಳಗೇ ಅಂತ ಪಾಸ್‌ಪೋರ್ಟ್ ಪೆಟ್ಟಿಗೆಯ ತಳಕ್ಕೆ ತಳ್ಳಬೇಡಿ: ಕ್ರೊಯೇಷಿಯಾದ ಗಡಿಯಲ್ಲಿ ಸ್ಲೊವೇನಿಯಾದವರು 2023ರ ಅಕ್ಟೋಬರ್‌ನಿಂದ ಮತ್ತೆ ತಪಾಸಣೆ ಶುರುಮಾಡಿದ್ದಾರೆ.

ವ್ಯಾನಿಗೆ ಗಾಳಿಯ ಕಾಟವೂ ಇದೆ. ಜಾದರ್‌ಗೆ ಮುಂಚೆ ಬರುವ ಸ್ವೆತಿ ರೋಕ್ ಸುರಂಗದ ಒಂದು ಬಾಯಲ್ಲಿ ತಂಪು ಮೋಡ, ಇನ್ನೊಂದರಲ್ಲಿ ಸುಡುಬಿಸಿಲು. ಬುರಾ ಅನ್ನುವ ಜೋರು ಬೆಟ್ಟಗಾಳಿ ಎದ್ದರೆ ಅಲ್ಲಿಂದ ಮಾಸ್ಲೆನಿಟ್ಸಾ ಕಡೆಗಿನ ತುಂಡನ್ನು ಮೊದಲು ಎತ್ತರದ ಗಾಡಿಗಳಿಗೆ ಮುಚ್ಚುತ್ತಾರೆ. ಬೆಳಗ್ಗೆ ಕ್ರೊಯೇಷಿಯಾದ ವಾಹನ ಕ್ಲಬ್ ಎಚ್‌ಎಕೆಯ ಆ್ಯಪ್ ನೋಡದೆ ಹೊರಡಬಾರದು.

ಬರುವಾಗ ಒಂದು ಪ್ರಯೋಗ ಮಾಡಿದೆ: ಕರವಾಂಕೆನ್ ಬಿಟ್ಟು ವುರ್ಜೆನ್ ಪಾಸ್ ಅನ್ನುವ ಘಾಟಿ ರಸ್ತೆ. ಟೋಲ್ ಇಲ್ಲ, ಎಂಟು ಯೂರೋ ಉಳಿತಾಯ. ಆದರೆ ಆಸ್ಟ್ರಿಯಾ ಕಡೆಯ ಇಳಿಜಾರು ಶೇ. 18. ತುಂಬಿದ ವ್ಯಾನು, ಮೂರನೇ ಗೇರಿನಲ್ಲಿ ಬ್ರೇಕ್ ಒತ್ತುತ್ತ ಇಳಿದೆ. ಮೂರನೇ ತಿರುವಿಗೆ ಸುಟ್ಟ ರಬ್ಬರಿನಂಥ ವಾಸನೆ, ಪೆಡಲ್ ಮೆತ್ತಗಾಯಿತು. ಪಕ್ಕಕ್ಕೆ ಹಾಕಿ ಇಪ್ಪತ್ತು ನಿಮಿಷ ಆರಲು ಬಿಟ್ಟು, ಮುಂದೆ ಎರಡನೇ ಗೇರಿನಲ್ಲೇ ಇಳಿಸಿದೆ. ಒಟ್ಟು ನಲವತ್ತು ನಿಮಿಷ ಹೆಚ್ಚು. ಎಂಟು ಯೂರೋಗೆ ಇದು ಬೇಕಿರಲಿಲ್ಲ.

ಲುಚ್ಕೊ ತಪ್ಪಿಸಲು ಸ್ಲೊವೇನಿಯಾದ ನೋವೊ ಮೆಸ್ಟೊ ಮತ್ತು ಕ್ರೊಯೇಷಿಯಾದ ಕಾರ್ಲೊವಾಟ್ಸ್ ನಡುವೆ ಒಂದು ಸಣ್ಣ ರಸ್ತೆಯೂ ಇದೆ. ಬರುವಾಗ ಅದರಲ್ಲೇ ಬಂದೆ, ಗಡಿಯಲ್ಲಿ ನಮ್ಮ ಮುಂದೆ ನಾಲ್ಕೇ ಗಾಡಿ. ಯಾವ ಊರಿನ ಮೇಲೆ ಅಂತ ಮಾತ್ರ ಬರೆಯುವುದಿಲ್ಲ, ಮುಂದಿನ ಆಗಸ್ಟ್‌ಗೂ ಅದು ಖಾಲಿ ಇರಲಿ. ಮ್ಯಾಪ್ ದೊಡ್ಡದು ಮಾಡಿ ನೋಡಿದರೆ ಸಿಗುತ್ತದೆ.