ಖಾಲಿ ಕಾಣುವ ವೈಯಲ್: ರಿಸೆಪ್ಟರ್ ಪ್ರೋಟೀನ್ ಕರಗಿಸುವುದು ಹೇಗೆ?

ಬೆಂಗಳೂರಿನ ಲ್ಯಾಬುಗಳಿಗೆ ಹೊಸದಾಗಿ ಸೇರುವ ಹುಡುಗರು ನನ್ನ ಬಳಿ ತರುವ ದೂರು ಒಂದೇ: "ಮೇಡಂ, ವೈಯಲ್ ಖಾಲಿ ಬಂದಿದೆ." ಖಾಲಿಯಲ್ಲಪ್ಪಾ. ಆ ಪುಟ್ಟ ಸೀಸೆಯಲ್ಲಿ ಬರುವ 100 ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮನ್ನು ಹತ್ತು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಒಣಗಿಸಿದ ಪ್ರೋಟೀನ್ ಒಳಮೈಗೋ ಮುಚ್ಚಳಕ್ಕೋ ತೆಳ್ಳಗೆ ಅಂಟಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ.

ಮೊದಲು ಆರ್ಡರ್. ಮಾನವ ರಿಸೆಪ್ಟರ್ (ಕೋಶದ ಮೈಮೇಲಿದ್ದು ಹೊರಗಿನ ಅಣುಗಳನ್ನು ಹಿಡಿಯುವ ಪ್ರೋಟೀನ್) ಬೇಕಾದರೆ ಎಚ್‌ಇಕೆ293ರಂಥ ಮಾನವ ಜೀವಕೋಶಗಳಲ್ಲಿ ತಯಾರಾದದ್ದನ್ನೇ ತರಿಸಿ. ಇ. ಕೊಲೈ ಬ್ಯಾಕ್ಟೀರಿಯಾದಲ್ಲಿ ಮಾಡಿದ್ದು ಅಗ್ಗ ನಿಜ, ಆದರೆ ಮಾನವ ಕೋಶ ಪ್ರೋಟೀನಿಗೆ ಜೋಡಿಸುವ ಸಕ್ಕರೆ ಸರಪಳಿ ಅದರಲ್ಲಿರುವುದಿಲ್ಲ. ರಿಸೆಪ್ಟರಿನ ಎಷ್ಟು ಭಾಗ ಕೊಡುತ್ತಿದ್ದಾರೆ ಎಂಬುದನ್ನೂ ನೋಡಿ. ಉದಾಹರಣೆಗೆ, ಕೊರೋನಾ ವೈರಸ್ ಅಂಟಿಕೊಳ್ಳುವ ಎಸಿಇ2 ರಿಸೆಪ್ಟರ್ ಪೂರ್ತಿ 805 ಅಮೈನೋ ಆಮ್ಲದ್ದು. ವೈಯಲಿನಲ್ಲಿ ಸಾಮಾನ್ಯವಾಗಿ ಸಿಗುವುದು 18ರಿಂದ 740ರವರೆಗಿನ, ಕೋಶದ ಹೊರಗೆ ಚಾಚಿದ ತುಂಡು. ಇನ್ನು, ಮಾನವ ಎಫ್‌ಸಿ ಟ್ಯಾಗ್ (ಐಜಿಜಿ ಎಂಬ ಆಂಟಿಬಾಡಿಯದೇ ಬಾಲದ ತುಂಡು) ಇರುವುದನ್ನು ಕೊಂಡು, ಮಾನವ ಐಜಿಜಿಯನ್ನು ಹಿಡಿದು ಬಣ್ಣ ತೋರಿಸುವ ಸೆಕೆಂಡರಿ ಆಂಟಿಬಾಡಿ ಹಾಕಿದರೆ ಅದು ಟ್ಯಾಗನ್ನೇ ಹಿಡಿದು, ಪರೀಕ್ಷೆಯ ಪ್ಲೇಟಿನ ಬಾವಿಗಳಿಗೆಲ್ಲ ಬಣ್ಣ ಬರುತ್ತದೆ. ಆಮೇಲೆ ಕಿಟ್ಟನ್ನು ಬಯ್ಯಬೇಡಿ.

ವೈಯಲನ್ನು ಫ್ರೀಜರಿನಿಂದ ತೆಗೆದು 20 ನಿಮಿಷ ಬೆಂಚಿನ ಮೇಲಿಡಿ. ಮಳೆಗಾಲದಲ್ಲಂತೂ ತಣ್ಣಗಿರುವಾಗಲೇ ತೆರೆದರೆ ಒಳಗೆ ಹನಿ ಕಟ್ಟುತ್ತದೆ. ಅಷ್ಟರಲ್ಲಿ ಒಂದು ಬೈ-ಟು ಕಾಫಿ ಮುಗಿಸಿ ಬನ್ನಿ. ಬಂದು ಸೆಂಟ್ರಿಫ್ಯೂಜಿನಲ್ಲಿ ಅರ್ಧ ನಿಮಿಷ ಸ್ಪಿನ್ ಕೊಡಿ, ಮುಚ್ಚಳಕ್ಕೆ ಅಂಟಿದ್ದು ತಳಕ್ಕಿಳಿಯಲಿ.

ಕೆಲಸ ಕೆಡುವುದು ಇದಾದ ಮೇಲೆ. ಜೊತೆಗೆ ಬಂದ ಹಾಳೆ ಓದಿ: ಯಾವ ಬಫರ್ (ಆಮ್ಲೀಯತೆ ಏರುಪೇರಾಗದಂತೆ ಹಿಡಿದಿಡುವ ದ್ರಾವಣ), ಎಷ್ಟು. ಎಲ್ಲದಕ್ಕೂ ಪಿಬಿಎಸ್ (ಫಾಸ್ಫೇಟ್ ಸೇರಿದ ಉಪ್ಪುನೀರಿನ ಬಫರ್) ಸುರಿಯುವ ಅಭ್ಯಾಸ ಬಿಡಿ. ಕೆಲವಕ್ಕೆ ಬರೀ ನೀರು ಸಾಕು, ಲವಣ ಪುಡಿಯಲ್ಲೇ ಇರುತ್ತದೆ. 100 ಮೈಕ್ರೋಗ್ರಾಮಿಗೆ 500 ಮೈಕ್ರೋಲೀಟರ್ ಎಂದಿದ್ದರೆ ಮಿಲಿಲೀಟರಿಗೆ 200 ಮೈಕ್ರೋಗ್ರಾಂ ಸಿಗುತ್ತದೆ. ದ್ರವವನ್ನು ಗೋಡೆಯಗುಂಟ ನಿಧಾನಕ್ಕೆ ಇಳಿಸಿ, ವೈಯಲನ್ನು ಓರೆ ಮಾಡಿ ತಿರುಗಿಸಿ, ಒಳಮೈಯೆಲ್ಲ ಒದ್ದೆಯಾಗಲಿ. ಅರ್ಧ ಗಂಟೆ ಬಿಡಿ. ನಡುನಡುವೆ ಮೆಲ್ಲಗೆ ತಿರುಗಿಸಿದರೆ ಸಾಕು. ಪಿಪೆಟ್‌ನಿಂದ ಬುರಬುರನೆ ಎಳೆದು ಬಿಡುವುದು ಬೇಡ, ಜೋರಾಗಿ ಅಲುಗಿಸುವ ವಾರ್ಟೆಕ್ಸ್ ಯಂತ್ರದ ಹತ್ತಿರವೂ ಒಯ್ಯಬೇಡಿ. ಗುಳ್ಳೆಯ ಮೈಗೆ ತಾಗಿದ ಪ್ರೋಟೀನ್ ಮಡಿಕೆ ಬಿಚ್ಚಿಕೊಂಡು ಒಂದಕ್ಕೊಂದು ಅಂಟುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ನೊರೆ ಫಿಲ್ಟರ್ ಕಾಫಿಗೆ ಚೆನ್ನ, ಇಲ್ಲಿ ಅಲ್ಲ. ಎಂಟು ವಾರ ಕಾದು ತರಿಸಿದ ವೈಯಲನ್ನು ಹತ್ತು ಸೆಕೆಂಡ್ ವಾರ್ಟೆಕ್ಸ್ ಮಾಡಿ ಮುಗಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಬಿಎಸ್‌ಎ (ಹಸುವಿನ ರಕ್ತದ ಆಲ್ಬುಮಿನ್ ಪ್ರೋಟೀನ್) ಸೇರಿಸಬೇಕೇ? ಕೋಶಗಳಿಗೆ ಹಾಕುವುದಾದರೆ 0.1 ಶೇಕಡಾ ಸೇರಿಸಿ. ಇಲ್ಲದಿದ್ದರೆ ತೆಳು ದ್ರಾವಣದಲ್ಲಿನ ಪ್ರೋಟೀನ್ ಟ್ಯೂಬಿನ ಪ್ಲಾಸ್ಟಿಕ್ಕಿಗೇ ಅಂಟಿ ಹೋಗುತ್ತದೆ. ಬಯೋಟಿನ್ (ಗುರುತಿಗಾಗಿ ಅಂಟಿಸುವ ಪುಟ್ಟ ಅಣು) ಜೋಡಿಸುವುದಿದ್ದರೆ, ಎಲೈಸಾ (ಬಣ್ಣದಿಂದ ಪ್ರೋಟೀನ್ ಪತ್ತೆಹಚ್ಚುವ ಪರೀಕ್ಷೆ) ಪ್ಲೇಟಿಗೆ ಬಳಿಯುವುದಿದ್ದರೆ ಬೇಡವೇ ಬೇಡ. ನಿಮ್ಮ ರಿಸೆಪ್ಟರಿಗಿಂತ ಹೆಚ್ಚಾಗಿ ಬಿಎಸ್‌ಎಗೇ ಬಯೋಟಿನ್ ಹತ್ತುತ್ತದೆ. ಕೆಡದಿರಲೆಂದು ಸೋಡಿಯಂ ಅಝೈಡ್ ಹಾಕುವವರಿದ್ದಾರೆ. ಅದು ಕೋಶಗಳಿಗೆ ವಿಷ, ಎಲೈಸಾದಲ್ಲಿ ಬಣ್ಣ ತರಿಸುವ ಎಚ್‌ಆರ್‌ಪಿ ಕಿಣ್ವವನ್ನೂ ತಡೆಯುತ್ತದೆ.

ಆ 500 ಮೈಕ್ರೋಲೀಟರನ್ನು 20 ಮೈಕ್ರೋಲೀಟರಿನಂತೆ ಹಂಚಿ. ಲೆಕ್ಕಕ್ಕೆ 25 ಟ್ಯೂಬ್, ಕೈಗೆ ಬರುವುದು 24. ಅಗ್ಗದ ಟ್ಯೂಬ್ ಬೇಡ, ಪ್ರೋಟೀನ್ ಅಂಟದಂಥದ್ದನ್ನೇ ತನ್ನಿ. ಹೆಸರು, ಸಾಂದ್ರತೆ, ತಾರೀಕು ಬರೆದು ಮೈನಸ್ 80 ಡಿಗ್ರಿಯ ಫ್ರೀಜರಿಗೆ ಹಾಕಿ. ಮನೆಯಂಥ ಫ್ರಾಸ್ಟ್-ಫ್ರೀ ಫ್ರಿಜ್ಜಿನ ಫ್ರೀಜರಿಗೆ ಬೇಡ. ಮಂಜು ಕರಗಿಸಲು ಅದು ಆಗಾಗ ತಾನೇ ಬಿಸಿಯಾಗುತ್ತದೆ. ಫ್ರೀಜರ್ ಜನರೇಟರ್ ಲೈನಿನಲ್ಲಿದೆಯೇ ಎಂದು ಎಲೆಕ್ಟ್ರಿಷಿಯನ್ನನ್ನು ಇಂದೇ ಕೇಳಿ. ಒಮ್ಮೆ ಕರಗಿದ ಟ್ಯೂಬನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಮಿಕ್ಕಿದ್ದನ್ನು ಪಕ್ಕದ ಬೆಂಚಿನವರಿಗೆ ಕೊಡಿ.